ಮುಲ್ಲರ್ ಅಂದ್ರೆ ಗಿರಣಿಯವನು: ಜರ್ಮನಿಯ ಅತಿ ಸಾಮಾನ್ಯ ಹೆಸರಿನ ಕಥೆ



ಮೊದಲು ಒಂದು ಸಣ್ಣ ಕ್ವಿಜ್. 1974ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ಪಶ್ಚಿಮ ಜರ್ಮನಿಗೆ ಗೆಲುವಿನ ಗೋಲು ಹೊಡೆದವರು ಗೆರ್ಡ್ ಮುಲ್ಲರ್. 2010ರ ವಿಶ್ವಕಪ್‌ನಲ್ಲಿ ಐದು ಗೋಲು ಹೊಡೆದು ಗೋಲ್ಡನ್ ಬೂಟ್ ತಗೊಂಡವರು ಥಾಮಸ್ ಮುಲ್ಲರ್. ಇಬ್ಬರೂ ಬಯರ್ನ್ ಮ್ಯೂನಿಕ್‌ನವರು, ಆ ಎರಡು ವಿಶ್ವಕಪ್‌ಗಳಲ್ಲಿ ಇಬ್ಬರ ಬೆನ್ನ ಮೇಲೂ 13ನೇ ನಂಬರ್. ಇನ್ನು ನಮ್ಮ ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಯೋಕೆ ಹೋಗ್ತಾರಲ್ಲ, ಆ ಕಟ್ಟಡದ ಹೆಸರು ಮ್ಯಾಕ್ಸ್ ಮುಲ್ಲರ್ ಭವನ. ಪ್ರಶ್ನೆ ಏನಪ್ಪಾ ಅಂದ್ರೆ, ಈ ಮೂರು ಮುಲ್ಲರ್‌ಗಳಿಗೂ ಏನಾದ್ರೂ ನೆಂಟಸ್ತನ ಇದೆಯಾ?

ಇಲ್ಲ. ಜರ್ಮನಿಯಲ್ಲಿ ಈ ಪ್ರಶ್ನೆ ಯಾರೂ ಕೇಳೋದೂ ಇಲ್ಲ. ಅಲ್ಲಿ ಸುಮಾರು 7 ಲಕ್ಷ ಮುಲ್ಲರ್‌ಗಳಿದ್ದಾರೆ ಅನ್ನೋದು ಒಂದು ಅಂದಾಜು. ದೇಶದ ಜನಸಂಖ್ಯೆ 8 ಕೋಟಿ 30 ಲಕ್ಷದ ಆಸುಪಾಸು. ಅಂದ್ರೆ ಹತ್ತತ್ರ 120 ಜನಕ್ಕೆ ಒಬ್ಬರು ಮುಲ್ಲರ್. ಸ್ವಿಟ್ಜರ್‌ಲೆಂಡ್‌ನಲ್ಲೂ ನಂಬರ್ ಒನ್ ಹೆಸರು ಇದೇ. ನಮ್ಮ 'ಸಾಮಾನ್ಯ ಗೃಹಿಣಿ' ಅನ್ನೋ ಮಾತಿಗೆ ಜರ್ಮನ್ನರು ಒಂದು ಹೆಸರನ್ನೇ ಇಟ್ಟಿದ್ದಾರೆ: ಲೀಸ್‌ಖೆನ್ ಮುಲ್ಲರ್. 'ಇದು ಲೀಸ್‌ಖೆನ್ ಮುಲ್ಲರ್‌ಗೆ ಅರ್ಥ ಆಗುತ್ತಾ?' ಅಂದ್ರೆ 'ಬೀದೀಲಿ ಹೋಗೋರಿಗೆ ಅರ್ಥ ಆಗುತ್ತಾ?' ಅಂತ.

ನಾನು ಈ ಹೆಸರಿಗೆ ಗಂಟುಬಿದ್ದಿದ್ದು ಜರ್ಮನ್ ಎ1 ಕ್ಲಾಸಿನಲ್ಲಿ. ಬಿ.ಕಾಂ ಮುಗಿಸಿ ಕೆಲಸ ಮಾಡ್ತಿದ್ದಾಗ ಗೆಳೆಯನೊಬ್ಬ ಮಾಸ್ಟರ್ಸ್‌ಗೆ ಜರ್ಮನಿಗೆ ಹೋಗ್ತೀನಿ ಅಂದ, ಅವನ ಜೊತೆ ನಾನೂ ಸುಮ್ಮನೆ ಸೇರ್ಕೊಂಡೆ. ಪುಸ್ತಕದ ಮೊದಲ ಪಾಠದಲ್ಲೇ ಒಬ್ಬರು ಶ್ರೀಮತಿ ಮುಲ್ಲರ್ ಬಂದು ನಗ್ತಾ ಕೈ ಕುಲುಕ್ತಾರೆ. ಆಮೇಲೆ ಟೀಚರ್ ಒಬ್ಬೊಬ್ಬರನ್ನೇ ಎಬ್ಬಿಸಿ 'ನಿಮ್ಮ ಹೆಸರು? ನಿಮ್ಮ ಕುಟುಂಬದ ಹೆಸರು?' ಅಂತ ಕೇಳೋಕೆ ಶುರು ಮಾಡಿದ್ರು. ಹುಬ್ಬಳ್ಳಿ ಕಡೆಯವರು, ಕರಾವಳಿಯವರು ಪಟಪಟ ಹೇಳಿದ್ರು. ನಾವು ಹಳೇ ಮೈಸೂರು ಕಡೆಯವರು ಮಾತ್ರ ಮುಖ ಮುಖ ನೋಡ್ಕೊಂಡ್ವಿ. ನಮಗಿರೋದು ಇನಿಷಿಯಲ್. ಒಂದಕ್ಷರ ಊರಿಂದು, ಒಂದಕ್ಷರ ಅಪ್ಪಂದು. 'ಕುಟುಂಬದ ಹೆಸರು' ಅಂತ ಏನು ಹೇಳೋದು?

ಟೀಚರ್‌ಗೆ ಇದು ಹೊಸದೇನಲ್ಲ, ನಕ್ಕು ಮುಂದೆ ಹೋದ್ರು. ಆದರೆ ನನ್ನ ತಲೇಲಿ ಪ್ರಶ್ನೆ ಉಳೀತು. ಈ ಕುಟುಂಬದ ಹೆಸರು ಅನ್ನೋದು ಅವರಿಗೆ ಯಾವಾಗ ಬಂತು? ಯಾಕೆ ಬೇಕಾಯ್ತು? ಎಲ್ಲ ಬಿಟ್ಟು 'ಮುಲ್ಲರ್' ಯಾಕೆ ಮೊದಲ ಸ್ಥಾನಕ್ಕೆ ಬಂತು?

ಸುಮಾರು 900 ವರ್ಷ ಹಿಂದಕ್ಕೆ ಹೋಗೋಣ. ಆಗ ಜರ್ಮನ್ ಮಾತಾಡೋ ಸೀಮೆಯಲ್ಲಿ ಬಹುತೇಕ ಎಲ್ಲರಿಗೂ ಒಂದೇ ಹೆಸರು. ಹೈನ್ರಿಖ್ ಅಂದ್ರೆ ಹೈನ್ರಿಖ್, ಮುಗೀತು. ಹಳ್ಳಿಯಲ್ಲಿ ಅದು ಸಾಕಿತ್ತು. 12ನೇ ಶತಮಾನದ ಹೊತ್ತಿಗೆ ರೈನ್ ನದಿ ದಡದ ಪಟ್ಟಣಗಳು, ದಕ್ಷಿಣದ ಪಟ್ಟಣಗಳು ಬೆಳೆಯೋಕೆ ಶುರುವಾದವು. ಜನ ಜಾಸ್ತಿಯಾದ್ರು, ಆದರೆ ಹೆಸರುಗಳು ಕಡಿಮೆಯಾದವು! ಚರ್ಚಿನ ಸಂತರ ಹೆಸರು, ರಾಜರ ಹೆಸರು ಇಡೋ ಫ್ಯಾಷನ್ ಬಂದು, ಎಲ್ಲಿ ನೋಡಿದ್ರೂ ಯೋಹಾನೆಸ್, ಹೈನ್ರಿಖ್, ಕೊನ್ರಾಡ್. ಇವತ್ತಿಗೂ ಜರ್ಮನ್ನರು 'ಕಂಡಕಂಡವರೆಲ್ಲ' ಅನ್ನೋದಕ್ಕೆ 'ಹಿಂಟ್ಸ್ ಉಂಡ್ ಕುಂಟ್ಸ್' ಅಂತಾರೆ. ಹೈನ್ರಿಖ್ ಮತ್ತು ಕೊನ್ರಾಡ್ ಅನ್ನೋ ಹೆಸರುಗಳ ಮುದ್ದಿನ ರೂಪ ಅವು.

ಕಾಮರ್ಸ್ ಓದಿದವರಿಗೆ ಮುಂದಿನದ್ದು ಥಟ್ಟನೆ ಹೊಳೆಯುತ್ತೆ. ಒಂದೇ ಪಟ್ಟಣದಲ್ಲಿ ಐವತ್ತು ಹೈನ್ರಿಖ್ ಇದ್ದಾಗ ತೆರಿಗೆ ಯಾರು ಕಟ್ಟಿದ್ದಾರೆ, ಯಾರು ಬಾಕಿ ಅಂತ ಬರೆಯೋದು ಹೇಗೆ? ಲೆಡ್ಜರ್‌ನಲ್ಲಿ ಒಂದೇ ಹೆಸರಿನ ಐವತ್ತು ಖಾತೆ ಇದ್ರೆ ಏನಾಗುತ್ತೆ ಅಂತ ಯಾವ ಅಕೌಂಟೆಂಟ್‌ನ ಕೇಳಿದ್ರೂ ಹೇಳ್ತಾನೆ. ಹಾಗಾಗಿ ಬರೆಯೋ ಗುಮಾಸ್ತ ಪಕ್ಕದಲ್ಲಿ ಒಂದು ಗುರುತು ಸೇರಿಸಿದ. ಹೈನ್ರಿಖ್, ಕಮ್ಮಾರ. ಹೈನ್ರಿಖ್, ಕುಳ್ಳ. ಹೈನ್ರಿಖ್, ಗಿರಣಿಯವನು. ಮೊದಮೊದಲು ಅದು ಆ ಮನುಷ್ಯನ ಜೊತೆಗೇ ಸಾಯ್ತಿತ್ತು. ಆಸ್ತಿ ಮಗನಿಗೆ ಬರೋವಾಗ ಗುರುತೂ ಜೊತೆಗೆ ಬಂತು. 15, 16ನೇ ಶತಮಾನದ ಹೊತ್ತಿಗೆ ಹೆಚ್ಚಿನ ಕಡೆ ಅದು ವಂಶದ ಹೆಸರಾಗಿ ಗಟ್ಟಿಯಾಗಿತ್ತು.

ಇವತ್ತು ಜರ್ಮನಿಯ ಟಾಪ್ ಹತ್ತು ಸರ್‌ನೇಮ್ ನೋಡಿ: ಮುಲ್ಲರ್, ಶ್ಮಿಟ್, ಶ್ನೈಡರ್, ಫಿಶರ್, ವೇಬರ್, ಮೈಯರ್, ವಾಗ್ನರ್, ಬೆಕ್ಕರ್, ಶುಲ್ಟ್ಸ್, ಹೋಫ್‌ಮನ್. ಗಿರಣಿಯವನು, ಕಮ್ಮಾರ, ದರ್ಜಿ, ಮೀನುಗಾರ, ನೇಕಾರ, ಜಮೀನ್ದಾರಿಯ ಮೇಲ್ವಿಚಾರಕ, ಗಾಡಿ ಮಾಡುವವನು, ಬೇಕರಿಯವನು, ಊರ ಮುಖ್ಯಸ್ಥ, ದೊಡ್ಡ ಜಮೀನಿನ ಒಕ್ಕಲು. ಹತ್ತಕ್ಕೆ ಹತ್ತೂ ಕೆಲಸ ಅಥವಾ ಹುದ್ದೆ.

ಇದರಲ್ಲಿ ಯಾರು ಇಲ್ಲ ಗಮನಿಸಿದ್ರಾ? ರೈತ. ಜರ್ಮನ್‌ನಲ್ಲಿ ರೈತನಿಗೆ ಬವರ್ ಅಂತಾರೆ. ಆ ಕಾಲದಲ್ಲಿ ಬಹುಪಾಲು ಜನ ಮಾಡ್ತಿದ್ದಿದ್ದು ಬೇಸಾಯ, ಆದರೂ ಬವರ್ ಅನ್ನೋ ಹೆಸರು ಮೊದಲ ಹತ್ತರಲ್ಲಿ ಇಲ್ಲ. ಯಾಕಂದ್ರೆ ಎಲ್ಲರೂ ರೈತರಾಗಿರೋ ಹಳ್ಳಿಯಲ್ಲಿ 'ರೈತ ಹೈನ್ರಿಖ್' ಅಂದ್ರೆ ಯಾರು ಅಂತ ಗೊತ್ತಾಗಲ್ಲ. 'ಗಿರಣಿ ಹೈನ್ರಿಖ್' ಅಂದ್ರೆ ಗೊತ್ತಾಗುತ್ತೆ, ಯಾಕಂದ್ರೆ ಊರಿಗೆ ಗಿರಣಿ ಇದ್ದಿದ್ದೇ ಒಂದು. ಊರಿಗೊಬ್ಬನೇ ಇದ್ದಿದ್ದರಿಂದ ಅದು ಒಳ್ಳೆ ಗುರುತು, ಪ್ರತಿ ಊರಲ್ಲೂ ಒಬ್ಬ ಇದ್ದಿದ್ದರಿಂದ ಕೊನೆಗೆ ಲಕ್ಷಾಂತರ ಜನ. ಒಬ್ಬನನ್ನು ಬೇರೆಯವರಿಂದ ಬೇರ್ಪಡಿಸೋಕೆ ಹುಟ್ಟಿದ ಹೆಸರು, ಇವತ್ತು ಯಾರನ್ನೂ ಬೇರ್ಪಡಿಸದ ಹೆಸರು.

ಒಂದು ಸಣ್ಣ ತಿದ್ದುಪಡಿ ಸೇರಿಸಿಬಿಡ್ತೀನಿ, ಇಲ್ಲಾಂದ್ರೆ ಅಂಕಿಅಂಶ ಇಷ್ಟಪಡೋರು ಬೈತಾರೆ. ಮುಲ್ಲರ್ ಗೆಲ್ಲೋಕೆ ಸ್ಪೆಲಿಂಗ್ ಕೂಡ ಒಂದು ಕಾರಣ. ಮೈಯರ್ ಅನ್ನೋ ಹೆಸರನ್ನ ನಾಲ್ಕೈದು ಥರ ಬರೀತಾರೆ, ಶ್ಮಿಟ್ ಕೂಡ ಹಾಗೇ. ಪಟ್ಟಿಯಲ್ಲಿ ಅವು ಬೇರೆ ಬೇರೆ ಹೆಸರುಗಳಾಗಿ ಹಂಚಿಹೋಗ್ತವೆ. ಮುಲ್ಲರ್‌ಗಳು ಬಹುತೇಕ ಒಂದೇ ಥರ ಬರ್ಕೊಳ್ತಾರೆ. ನಮ್ಮ ಚುನಾವಣೆ ಭಾಷೆಯಲ್ಲಿ ಹೇಳೋದಾದ್ರೆ ಎದುರಾಳಿಗಳ ವೋಟ್ ಒಡೆದುಹೋಗಿದೆ. ಉತ್ತರ ಜರ್ಮನಿಗೆ ಹೋದ್ರೆ ಇದೇ ಹೆಸರು ಮೊಲ್ಲರ್ ಆಗುತ್ತೆ. ಆಸ್ಟ್ರಿಯಾದಲ್ಲಿ ಗ್ರೂಬರ್, ಹೂಬರ್‌ಗಳು ಮುಲ್ಲರ್‌ಗಿಂತ ಮುಂದಿದ್ದಾರೆ.

ಈಗ ಆ ಗಿರಣಿಯವನ ಹತ್ತಿರ ಹೋಗೋಣ. ಇಷ್ಟು ಜನ ಹೊತ್ಕೊಂಡಿರೋ ಹೆಸರು ಅಂದ್ಮೇಲೆ ಗೌರವದ ಕೆಲಸ ಅಂದ್ಕೊಂಡಿದ್ದೆ. ಉಲ್ಟಾ.

ನೀರಿನ ಗಿರಣಿ ಅನ್ನೋದು ಆ ಕಾಲದ ದೊಡ್ಡ ಬಂಡವಾಳ. ಕಾಲುವೆ, ಚಕ್ರ, ಭಾರೀ ಕಲ್ಲುಗಳು, ಇದನ್ನೆಲ್ಲ ಕಟ್ಟಿಸೋ ತಾಕತ್ತು ಇದ್ದಿದ್ದು ಜಮೀನ್ದಾರನಿಗೋ ಮಠಕ್ಕೋ. ಗಿರಣಿಯವನು ಹೆಚ್ಚಾಗಿ ಗುತ್ತಿಗೆಗೆ ತಗೊಂಡವನು. ಹಾಕಿದ ಬಂಡವಾಳ ವಾಪಸ್ ಬರಬೇಕಲ್ಲ, ಅದಕ್ಕೆ ಒಂದು ಕಟ್ಟಳೆ ಮಾಡಿದ್ರು: ಈ ಸೀಮೆಯ ರೈತರೆಲ್ಲ ಇದೇ ಗಿರಣಿಗೆ ಬಂದು ಬೀಸಿಸಬೇಕು, ಬೇರೆ ಕಡೆ ಹೋದ್ರೆ ದಂಡ. ಶುದ್ಧ ಏಕಸ್ವಾಮ್ಯ. ಕೂಲಿ ದುಡ್ಡಲ್ಲಿ ಅಲ್ಲ, ಧಾನ್ಯದಲ್ಲಿ. ತಂದ ಚೀಲದಿಂದ ಗಿರಣಿಯವನು ತನ್ನ ಪಾಲು ಅಳೆದು ಎತ್ತಿಟ್ಕೊಳ್ತಿದ್ದ. ಹದಿನಾರರಲ್ಲಿ ಒಂದು ಪಾಲು ಅನ್ನೋದು ಹಲವು ಕಡೆ ಇದ್ದ ಲೆಕ್ಕ.

ಜಗಳ ಹುಟ್ಟೋದೇ ಇಲ್ಲಿ. ಕೊಟ್ಟಿದ್ದು ಗೋಧಿ, ವಾಪಸ್ ಬರೋದು ಹಿಟ್ಟು. ಅಳತೆ ಹೊಂದಲ್ಲ. ಒಂದಷ್ಟು ತೌಡು ಹೋಗುತ್ತೆ, ಒಂದಷ್ಟು ಧೂಳಾಗಿ ಹಾರುತ್ತೆ, ಒಂದಷ್ಟು ಕಲ್ಲಿನ ಸಂದಿಯಲ್ಲಿ ಕೂರುತ್ತೆ. ಎಷ್ಟು ಹಾರಿತು, ಎಷ್ಟು ಗಿರಣಿಯವನ ಹಂದಿಗೆ ಹೋಯ್ತು ಅಂತ ರೈತ ಹೇಗೆ ಹೇಳ್ತಾನೆ? ನನಗಿದು ಓದಿ ತಿಳಿಯಬೇಕಾಗಿರಲಿಲ್ಲ. ನಮ್ಮ ಅಜ್ಜಿ ರಾಗಿ ಮಿಲ್ಲಿಗೆ ಡಬ್ಬ ಕೊಟ್ಟು ಯಾವತ್ತೂ ಮನೆಗೆ ಬಂದವಳಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು, ತನ್ನ ರಾಗಿ ಹಾಪರ್‌ಗೆ ಬೀಳೋದು ನೋಡಿ, ಹಿಂದಿನವರ ಗೋಧಿ ಹಿಟ್ಟು ಬೆರೀತು ಅಂತ ಜಗಳ ಆಡಿ, ಕೊನೆಗೆ ಆ ಬಟ್ಟೆ ಕೊಳವೆಯನ್ನ ಎರಡು ಸಲ ತಟ್ಟಿಸಿ ಎದ್ದು ಬರ್ತಿದ್ದಳು. ಮಿಲ್ಲಿನವರು ಪಾಪ ಒಳ್ಳೇವರೇ. ಆದರೆ ನಂಬಿಕೆ ಅನ್ನೋ ಪ್ರಶ್ನೆಯೇ ಇಲ್ಲ!

ಜರ್ಮನ್ ಹಳ್ಳಿಗಳಲ್ಲಿ ಈ ಅನುಮಾನ ಸಾಮಾಜಿಕ ಕಳಂಕ ಆಯ್ತು. ಗಿರಣಿ ಇರ್ತಿದ್ದಿದ್ದು ಊರಾಚೆ, ಹೊಳೆ ಪಕ್ಕ. ನೀರು ಬಂದಾಗ ಬೀಸಬೇಕು, ರಾತ್ರಿಯಾಗಲಿ ಭಾನುವಾರವಾಗಲಿ. ಊರಾಚೆ ಇರೋನು, ರಾತ್ರಿ ಕೆಲಸ ಮಾಡೋನು, ಭಾನುವಾರ ಪಾಳಿಸದವನು, ಅಳತೆಯಲ್ಲಿ ಕೈ ಮಾಡೋನು ಅಂತ ಕಥೆಗಳು ಹುಟ್ಟಿದವು. ಗ್ರಿಮ್ ಸಹೋದರರ ರಂಪಲ್‌ಸ್ಟಿಲ್ಟ್‌ಸ್ಕಿನ್ ಕಥೆ ನೆನಪಿದೆಯಾ? 'ನನ್ನ ಮಗಳು ಹುಲ್ಲನ್ನ ನೂತು ಚಿನ್ನ ಮಾಡ್ತಾಳೆ' ಅಂತ ರಾಜನ ಮುಂದೆ ಬುರುಡೆ ಬಿಟ್ಟು ಮಗಳನ್ನ ಸಿಕ್ಕಿಹಾಕಿಸೋ ಅಪ್ಪ, ಗಿರಣಿಯವನು.

ಕಥೆಯಲ್ಲೇ ನಿಂತಿದ್ರೆ ಪರವಾಗಿರಲಿಲ್ಲ. ಜರ್ಮನ್ ಪಟ್ಟಣಗಳಲ್ಲಿ 'ಮಾನವಿಲ್ಲದ ಕಸುಬು' ಅಂತ ಒಂದು ವರ್ಗ ಇತ್ತು. ಗಲ್ಲಿಗೇರಿಸುವವನು, ಸತ್ತ ದನದ ಚರ್ಮ ಸುಲಿಯುವವನು ಅದರ ಕೆಳತುದಿ. ಹಲವು ಊರುಗಳಲ್ಲಿ ಗಿರಣಿಯವನನ್ನೂ ಅದಕ್ಕೆ ಸೇರಿಸಿದ್ರು. ಅವನ ಮಗ ಬೇರೆ ಕಸುಬಿನ ಸಂಘಕ್ಕೆ ಸೇರೋ ಹಾಗಿಲ್ಲ. ದರ್ಜಿಯಾಗಬೇಕು, ಬಡಗಿಯಾಗಬೇಕು ಅಂದ್ರೆ ಬಾಗಿಲು ಮುಚ್ಚಿದೆ. ಕೆಲವು ಕಡೆ ಗಲ್ಲುಗಂಬಕ್ಕೆ ಬೇಕಾದ ಏಣಿಯನ್ನ ಗಿರಣಿಯವನೇ ಒದಗಿಸಬೇಕು ಅನ್ನೋ ಕಟ್ಟಳೆಯೂ ಇತ್ತು. 1548ರಲ್ಲಿ ಔಗ್ಸ್‌ಬುರ್ಗ್‌ನಲ್ಲಿ ಹೊರಟ ಸಾಮ್ರಾಜ್ಯದ ಆಜ್ಞೆಯಲ್ಲಿ ನಾರಗಸೆ ಬಟ್ಟೆ ನೇಯುವವರು, ಕ್ಷೌರಿಕರು, ಕುರುಬರು, ಗಿರಣಿಯವರು, ಸುಂಕದವರು, ಕೊಳಲು ತುತ್ತೂರಿ ಊದುವವರು, ಇವರ ಮಕ್ಕಳನ್ನ ಕಸುಬು ಸಂಘಗಳಿಂದ ಹೊರಗಿಡಬಾರದು ಅಂತ ಹೇಳಬೇಕಾಯ್ತು. ಹೇಳಿದ ಮಾತ್ರಕ್ಕೆ ಆಗಲಿಲ್ಲ. 1731ರಲ್ಲಿ ಕಸುಬು ಸಂಘಗಳ ಇಂಥ ಹೊರಗಿಡುವಿಕೆಯನ್ನ ತಡೆಯೋಕೆ ಮತ್ತೊಂದು ಸಾಮ್ರಾಜ್ಯದ ಕಾನೂನು ಬಂತು.

ಈ ಪಟ್ಟಿ ಓದಿದಾಗ ನಮಗೆ ಯಾರಿಗೂ ಅದು ಪರದೇಶದ್ದು ಅನ್ಸಲ್ಲ, ಅಲ್ವಾ? ಆ ಮಾತಿಗೆ ಆಮೇಲೆ ಬರ್ತೀನಿ.

ಅದಕ್ಕೂ ಮೊದಲು ಒಂದು ತಮಾಷೆ. ಜರ್ಮನಿಯ ಅತಿ ಜರ್ಮನ್ ಹೆಸರಿನ ಬೇರು ಜರ್ಮನ್ ಅಲ್ಲ, ಲ್ಯಾಟಿನ್. ಹಳೇ ಜರ್ಮ್ಯಾನಿಕ್ ಬುಡಕಟ್ಟುಗಳ ಹತ್ತಿರ ಇದ್ದಿದ್ದು ಕೈಯಲ್ಲಿ ತಿರುಗಿಸೋ ಬೀಸೋಕಲ್ಲು. ಅದಕ್ಕೆ ಅವರದೇ ಪದ ಇತ್ತು, ಇಂಗ್ಲಿಷಿನಲ್ಲಿ ಇವತ್ತಿಗೂ ಅದು 'ಕ್ವೆರ್ನ್' ಅಂತ ಉಳಿದಿದೆ. ನೀರಿನ ಗಿರಣಿ ಬಂದಿದ್ದು ರೋಮನ್ನರ ಜೊತೆ. ಲ್ಯಾಟಿನ್‌ನಲ್ಲಿ ಬೀಸೋಕಲ್ಲಿಗೆ ಮೋಲಾ, ಗಿರಣಿಗೆ ಮೋಲಿನಾ, ಗಿರಣಿಯವನಿಗೆ ಮೋಲಿನಾರಿಯುಸ್. ಯಂತ್ರದ ಜೊತೆ ಪದವೂ ಬಂತು. ಹಳೇ ಜರ್ಮನ್‌ನಲ್ಲಿ ಅದು ಮುಲಿನಾರಿ ಆಯ್ತು, ಆಮೇಲೆ ಮುಲ್ನರ್, ಕೊನೆಗೆ ಮುಲ್ಲರ್. ನಾವು 'ಮಿಲ್ಲು' ಅಂತೀವಲ್ಲ, ಅದೂ ಇದೇ ಮನೆತನದ್ದೇ. ಇಟಲಿಯ ಮೋಲಿನಾರಿ, ಸ್ಪೇನಿನ ಮೋಲಿನಾ, ಫ್ರಾನ್ಸಿನ ಮೊನಿಯೆ, ನೆದರ್‌ಲೆಂಡ್ಸ್‌ನ ಮುಲ್ಡರ್, ಇಂಗ್ಲೆಂಡಿನ ಮಿಲ್ಲರ್, ಎಲ್ಲರೂ ಅದೇ ಕಲ್ಲಿನ ಮಕ್ಕಳು.

ನಮ್ಮಲ್ಲಿ ಯಾಕೆ ಹಾಗೆ ಆಗಲಿಲ್ಲ? ನಮ್ಮಲ್ಲಿ ಬೀಸೋದು ಹೆಂಗಸರ ಕೆಲಸ, ಮನೆಮನೆಯಲ್ಲೂ ಬೀಸೋಕಲ್ಲು. ಕೋಳಿ ಕೂಗೋ ಹೊತ್ತಿಗೆ ಎದ್ದು ಬೀಸ್ತಾ ಹಾಡಿದವರಿಂದ ಬೀಸೋ ಪದ ಅನ್ನೋ ಹಾಡಿನ ರಾಶಿಯೇ ಹುಟ್ಟಿತು. ಅವರ ಕೆಲಸಕ್ಕೆ ಯಾರೂ ಕೂಲಿ ಕೊಡಲಿಲ್ಲ, ಹೆಸರೂ ಬರೀಲಿಲ್ಲ.

ಇನ್ನು ಇಂದಿರಾನಗರದ ಮುಲ್ಲರ್. ಫ್ರೀಡ್ರಿಖ್ ಮ್ಯಾಕ್ಸ್ ಮುಲ್ಲರ್ ಹುಟ್ಟಿದ್ದು 1823ರಲ್ಲಿ, ದೆಸ್ಸೌ ಪಟ್ಟಣದಲ್ಲಿ. ತಂದೆ ವಿಲ್‌ಹೆಲ್ಮ್ ಮುಲ್ಲರ್, ಕವಿ. ವಿಲ್‌ಹೆಲ್ಮ್‌ನ ತಂದೆ ಏನು ಕೆಲಸ ಮಾಡ್ತಿದ್ದರು ಗೊತ್ತಾ? ದರ್ಜಿ. ಹೆಸರು ಗಿರಣಿಯವನು, ಕೈಯಲ್ಲಿ ಕತ್ತರಿ. ಅಷ್ಟೊತ್ತಿಗೆ ಹೆಸರಿಗೂ ಕೆಲಸಕ್ಕೂ ಸಂಬಂಧ ಕಡಿದು ಎಷ್ಟೋ ತಲೆಮಾರು ಆಗಿತ್ತು. 1816ರಲ್ಲಿ ಬರ್ಲಿನ್‌ನ ಒಂದು ಮನೆಯಲ್ಲಿ ಗೆಳೆಯರೆಲ್ಲ ಸೇರಿ ಗಿರಣಿ ಹುಡುಗಿಯೊಬ್ಬಳ ಕಥೆಯನ್ನ ಹಾಡುಗಳಲ್ಲಿ ಆಡ್ತಿದ್ರು. ಗಿರಣಿ ಹುಡುಗನ ಪಾತ್ರ ವಿಲ್‌ಹೆಲ್ಮ್‌ಗೆ ಬಂತು, ಕಾರಣ ಅವನ ಹೆಸರು! ಆ ಆಟದಿಂದ ಬೆಳೆದ ಕವಿತೆಗಳಿಗೆ 1823ರಲ್ಲಿ ಶೂಬರ್ಟ್ ಸಂಗೀತ ಹಾಕಿದ. 'ಚೆಲುವೆ ಗಿರಣಿಯವಳು' ಅನ್ನೋ ಅರ್ಥದ ಆ ಹಾಡುಗುಚ್ಛವನ್ನ ಪಾಶ್ಚಾತ್ಯ ಸಂಗೀತ ಕಲಿಯೋರು ಇವತ್ತಿಗೂ ಹಾಡ್ತಾರೆ.

ಮಗನಿಗೆ ಈ ಹೆಸರೇ ತಲೆನೋವಾಯ್ತು. 'ಮ್ಯಾಕ್ಸ್' ಅನ್ನೋದು ವೇಬರ್‌ನ ಒಪೆರಾ ಒಂದರ ನಾಯಕನ ಹೆಸರು, ಆ ವೇಬರೇ ಮಗುವಿನ ಗಾಡ್‌ಫಾದರ್. ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡ್‌ನಲ್ಲಿ ನೆಲೆಸಿದ ಮೇಲೆ ಬರೀ 'ಮುಲ್ಲರ್' ಅಂದ್ರೆ ಯಾವ ಮುಲ್ಲರ್ ಅಂತ ಯಾರಿಗೂ ಗೊತ್ತಾಗಲ್ಲ ಅಂತ ಮ್ಯಾಕ್ಸ್ ಅನ್ನೋದನ್ನೂ ಸರ್‌ನೇಮ್‌ನ ಭಾಗ ಮಾಡ್ಕೊಂಡ್ರು. 1849ರಿಂದ 1874ರವರೆಗೆ ಸಾಯಣಭಾಷ್ಯದ ಜೊತೆ ಋಗ್ವೇದವನ್ನ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದಾಗ ಸಂಸ್ಕೃತದಲ್ಲಿ ಇನ್ನೊಂದು ಹೆಸರು: ಮೋಕ್ಷಮೂಲರ ಭಟ್ಟ. ಜರ್ಮನಿ ಶರ್ಮಣ್ಯದೇಶ ಆಯ್ತು, ಆಕ್ಸ್‌ಫರ್ಡ್ ಗೋತೀರ್ಥ ಆಯ್ತು. ಹಿಟ್ಟು ಬೀಸುವವನು ಮೋಕ್ಷದ ಮೂಲಕ್ಕೇ ಹೋದ. ಅಂದ ಹಾಗೆ, ಇಷ್ಟೆಲ್ಲ ಮಾಡಿದ ಮನುಷ್ಯ ಒಂದು ಸಲವೂ ಭಾರತಕ್ಕೆ ಬರಲಿಲ್ಲ.

ಅಟ್ಲಾಂಟಿಕ್ ದಾಟಿದ ಮುಲ್ಲರ್‌ಗಳದ್ದು ಬೇರೆ ಕಥೆ. ಅಮೆರಿಕದ 2010ರ ಜನಗಣತಿಯಲ್ಲಿ ಮಿಲ್ಲರ್ ಏಳನೇ ಅತಿ ಸಾಮಾನ್ಯ ಸರ್‌ನೇಮ್, 11 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ. ಅವರೆಲ್ಲ ಇಂಗ್ಲಿಷ್ ಮೂಲದವರಲ್ಲ, ಎಷ್ಟೋ ಜನರ ಅಜ್ಜಂದಿರು ಮುಲ್ಲರ್. ಫ್ರೀಡ್ರಿಖ್ ಮುಲ್ಲರ್ ಅನ್ನೋನು ವುರ್ಟೆಂಬರ್ಗ್‌ನಲ್ಲಿ ಹುಟ್ಟಿ, 1854ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಮಿಲ್ವಾಕಿಯಲ್ಲಿ ಒಂದು ಬ್ರೂವರಿ ಕೊಂಡು ಫ್ರೆಡರಿಕ್ ಮಿಲ್ಲರ್ ಆದ. ಮಿಲ್ಲರ್ ಬಿಯರ್ ಅವನದ್ದೇ. ಎಲ್ಲಿಸ್ ದ್ವೀಪದಲ್ಲಿ ಇಳಿದವರ ಹೆಸರನ್ನ ಅಲ್ಲಿನ ಅಧಿಕಾರಿಗಳು ಬದಲಾಯಿಸಿಬಿಟ್ರು ಅಂತ ಸಿನಿಮಾಗಳಲ್ಲಿ ತೋರಿಸ್ತಾರೆ, ಅದು ಕಟ್ಟುಕಥೆ. ಅಧಿಕಾರಿಗಳ ಹತ್ತಿರ ಇರ್ತಿದ್ದಿದ್ದು ಹಡಗಿನವರು ಮೊದಲೇ ಬರೆದು ತಂದ ಪಟ್ಟಿ. ಹೆಸರು ಬದಲಾಯಿಸಿಕೊಂಡವರು ಆ ಜನರೇ, ಆಮೇಲೆ. ವ್ಯಾಪಾರಕ್ಕೆ, ಕೆಲಸಕ್ಕೆ. 1917ರಲ್ಲಿ ಅಮೆರಿಕ ಜರ್ಮನಿ ವಿರುದ್ಧ ಯುದ್ಧಕ್ಕೆ ಇಳಿದ ಮೇಲೆ ಹೆದರಿಕೆಗೆ.

ಟಿಕೆಟ್‌ಗೋಸ್ಕರ ಮಿಲ್ಲರ್ ಆದವನೂ ಇದ್ದಾನೆ! ಹೈನ್ರಿಖ್ ಕ್ರೈಸರ್ ಅನ್ನೋ ಕಸಾಯಿ ಹುಡುಗ 1850ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ. ಅವನ ಕೈಲಿದ್ದಿದ್ದು ಹೆನ್ರಿ ಮಿಲ್ಲರ್ ಅನ್ನೋ ಪರಿಚಯದವನಿಂದ ಕೊಂಡ ಟಿಕೆಟ್, ಬೇರೆಯವರಿಗೆ ವರ್ಗಾಯಿಸೋ ಹಾಗಿಲ್ಲ. ಸರಿ, ತಾನೇ ಹೆನ್ರಿ ಮಿಲ್ಲರ್ ಅಂದ. ಜೀವಮಾನ ಪೂರ್ತಿ ಹಾಗೇ ಉಳಿದ, ಪಾಲುದಾರನ ಜೊತೆ ಸೇರಿ ಹತ್ತು ಲಕ್ಷ ಎಕರೆಗೂ ಹೆಚ್ಚು ಜಮೀನು ಮಾಡಿದ. ಇವನು ಹುಟ್ಟಿದ ಊರು ಬ್ರಾಕನ್‌ಹೈಮ್. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನ 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದೂ ಅದೇ ಬ್ರಾಕನ್‌ಹೈಮ್‌ನಲ್ಲಿ. ಅದೇ ಪುಟ್ಟ ಪಟ್ಟಣದಿಂದ ಒಬ್ಬ ದನದ ದೊರೆಯಾಗೋಕೆ ಪಶ್ಚಿಮಕ್ಕೆ ಹೋದ, ಒಬ್ಬರು ನಮ್ಮ ಲಿಪಿಗೆ ಅಚ್ಚುಮೊಳೆ ಹುಡುಕ್ತಾ ಪೂರ್ವಕ್ಕೆ ಬಂದ್ರು.

ಕರ್ನಾಟಕದ ಚರಿತ್ರೆ ಓದಿದವರಿಗೆ ಇಷ್ಟೊತ್ತಿಗೆ ಇನ್ನೊಬ್ಬ ಮಿಲ್ಲರ್ ನೆನಪಾಗಿರಬೇಕು. ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್. ಜರ್ಮನ್ ಅಲ್ಲ, ಬ್ರಿಟಿಷ್ ಮಿಲ್ಲರ್, ಆದರೆ ಹೆಸರಿನ ಬೇರು ಅದೇ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಇವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಹೇಗೆ ಕೊಡೋದು ಅಂತ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಅವರಿಗೆ ಸಿಗಬೇಕು ಅಂತ ಮಿಲ್ಲರ್ ಸಮಿತಿ ಹೇಳಿತು. ನಮ್ಮ ಮೀಸಲಾತಿ ಚರಿತ್ರೆಯ ಮೊದಲ ಅಧ್ಯಾಯಗಳಲ್ಲಿ ಇದೊಂದು. ಆ ವರದಿಗೆ ಸಹಿ ಹಾಕಿದವರ ಹೆಸರಲ್ಲೇ ಒಂದು ಕಾಲದ ಹೀನಾಯ ಕಸುಬು ಕೂತಿತ್ತು. ಆದರೆ 1918ರಲ್ಲಿ ಆ ಹೆಸರು ನೋಡಿ ಅವರ ಅಜ್ಜ ಏನು ಮಾಡ್ತಿದ್ದ ಅಂತ ಯಾರೂ ಕೇಳ್ತಿರಲಿಲ್ಲ.

ನಮ್ಮಲ್ಲಿ ಕೇಳ್ತಾರೆ. ಇವತ್ತೂ. ಬಾಡಿಗೆ ಮನೆ ನೋಡೋಕೆ ಹೋದಾಗ 'ಪೂರ್ತಿ ಹೆಸರೇನು?' ಅಂತಾರಲ್ಲ, ಆ 'ಪೂರ್ತಿ' ಅನ್ನೋದರ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. ನಂದು ಇಷ್ಟೇ ಸರ್, ಇನಿಷಿಯಲ್ ಅಷ್ಟೇ, ಅಂತ ನಾನು ಎರಡು ಸಲ ಹೇಳಿದ್ದೀನಿ. ಮೂರನೇ ಸಲ ಕೇಳಿದ ಕಡೆ ಮನೆ ಸಿಗಲಿಲ್ಲ. ಮುಲ್ಲರ್ ಅನ್ನೋ ಹೆಸರು ಅರ್ಥ ಕಳ್ಕೊಂಡಿದೆ ಅಂತ ನಾನು ಮೊದಲು ಬೇಜಾರಲ್ಲಿ ನೋಟ್ಸ್ ಬರ್ಕೊಂಡಿದ್ದೆ. ಆಮೇಲೆ ಆ ಸಾಲು ಹೊಡೆದುಹಾಕಿದೆ. ಅರ್ಥ ಕಳ್ಕೊಂಡಿದ್ದರಿಂದ ಆ 7 ಲಕ್ಷ ಜನರಿಗೆ ಆಗಿರೋ ಉಪಕಾರ ಕಮ್ಮಿಯೇನಲ್ಲ.

ಕಸುಬಂತೂ ಹೊರಟುಹೋಯ್ತು. ಉಗಿ ಯಂತ್ರ, ಆಮೇಲೆ ವಿದ್ಯುತ್ ಬಂದು ಹೊಳೆ ಬದಿಯ ಗಿರಣಿಗಳು ಒಂದೊಂದೇ ನಿಂತವು. 2017ರಲ್ಲಿ ಜರ್ಮನಿಯ ವೃತ್ತಿ ತರಬೇತಿ ಪಟ್ಟಿಯಲ್ಲಿ 'ಮುಲ್ಲರ್' ಅನ್ನೋ ಕೆಲಸದ ಹೆಸರನ್ನೇ ತೆಗೆದು ಉದ್ದದ ತಾಂತ್ರಿಕ ಹೆಸರು ಇಟ್ರು. ಗಿರಣಿ ಮತ್ತು ಧಾನ್ಯೋದ್ಯಮದ ಪ್ರಕ್ರಿಯಾ ತಂತ್ರಜ್ಞ, ಹೆಚ್ಚುಕಮ್ಮಿ ಹಾಗೆ. ಲಕ್ಷಾಂತರ ಮುಲ್ಲರ್‌ಗಳಿದ್ದಾರೆ, ಆ ತರಬೇತಿ ಪಟ್ಟಿಯಲ್ಲಿ ಮಾತ್ರ ಮುಲ್ಲರ್ ಅನ್ನೋ ಹೆಸರಿಲ್ಲ.

ಕೊನೇದಾಗಿ, ಎ1 ಕ್ಲಾಸಿನ ಪ್ರಶ್ನೆಗೆ ವಾಪಸ್ ಹೋಗ್ತೀನಿ. ಜರ್ಮನಿಯ ವಾಯವ್ಯ ತುದಿಯಲ್ಲಿ ಸಮುದ್ರಕ್ಕೆ ತಾಗಿದ ಪೂರ್ವ ಫ್ರಿಸಿಯಾ ಅಂತ ಒಂದು ಸೀಮೆ ಇದೆ. ನಮಗೆ ಅದು ಪರಿಚಯ ಇರಬೇಕು, ಯಾಕಂದ್ರೆ 1832ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ಅಲ್ಲಿನ ರೆಸ್ಟರ್‌ಹಾಫೆ ಅನ್ನೋ ಹಳ್ಳಿಯಲ್ಲಿ. 1894ರಲ್ಲಿ ಬಂದ ಸುಮಾರು 70,000 ಪದಗಳ ಕನ್ನಡ ನಿಘಂಟಿನ ಕಿಟ್ಟೆಲ್. ಅವರ ಹೆಸರಿನ ಅರ್ಥ ಕೆಲಸದವರು ಮೇಲೆ ಹಾಕ್ಕೊಳ್ಳೋ ಸಡಿಲ ಅಂಗಿ. ಡಾಕ್ಟರ್ ಹಾಕೋ ಬಿಳಿ ಕೋಟಿಗೂ ಜರ್ಮನ್‌ನಲ್ಲಿ ಕಿಟ್ಟೆಲ್ ಅಂತಾರೆ.

ಈ ಪೂರ್ವ ಫ್ರಿಸಿಯಾದಲ್ಲಿ ಜನಸಾಮಾನ್ಯರಿಗೆ ಕುಟುಂಬದ ಹೆಸರು ಅನ್ನೋದೇ ಇರಲಿಲ್ಲ. ಯಾನ್‌ನ ಮಗ ಹಿನ್ರಿಕ್ ಆದ್ರೆ ಅವನು ಹಿನ್ರಿಕ್ ಯಾನ್ಸೆನ್. ಹಿನ್ರಿಕ್‌ನ ಮಗ ಯಾನ್ ಆದ್ರೆ ಅವನು ಯಾನ್ ಹಿನ್ರಿಕ್ಸ್. ಪ್ರತಿ ತಲೆಮಾರಿಗೂ ಹೆಸರಿನ ಬಾಲ ಬದಲಾಗುತ್ತೆ, ಅಪ್ಪನ ಹೆಸರೇ ಬಾಲ. ನಮ್ಮ ಇನಿಷಿಯಲ್ ಥರಾನೇ! ಅಂದ್ರೆ ಕ್ಲಾಸಲ್ಲಿ ನಾವು ಮುಖ ಮುಖ ನೋಡ್ಕೊಂಡ ಹಾಗೇ ಹಳೇ ಫ್ರಿಸಿಯನ್ನರೂ ನೋಡ್ಕೊಂಡಿರ್ತಾರೆ. ನೆಪೋಲಿಯನ್ ಈ ಸೀಮೆಯನ್ನ ತನ್ನ ಸಾಮ್ರಾಜ್ಯಕ್ಕೆ ಸೇರಿಸ್ಕೊಂಡು 1811ರ ಆಗಸ್ಟ್‌ನಲ್ಲಿ ಆಜ್ಞೆ ಹೊರಡಿಸಿದ, ಎಲ್ಲರೂ ಬದಲಾಗದ ಒಂದು ಕುಟುಂಬದ ಹೆಸರು ಇಟ್ಕೊಳ್ಳಬೇಕು ಅಂತ. ಅವನಿಗೆ ಬೇಕಾಗಿದ್ದು ತೆರಿಗೆ, ಸೈನ್ಯಕ್ಕೆ ಹುಡುಗರು. ಮತ್ತೆ ಅದೇ ಲೆಡ್ಜರ್. ಜನ ಸುಲಭಕ್ಕೆ ಒಪ್ಪಲಿಲ್ಲ, ನೆಪೋಲಿಯನ್ ಹೋದ ಮೇಲೂ ಹಳೇ ಪದ್ಧತಿಯನ್ನ ಎಳೆದಾಡಿದ್ರು. ಕೊನೆಗೆ ಆ ಕ್ಷಣದಲ್ಲಿ ಯಾರ ಅಪ್ಪ ಯಾನ್ ಆಗಿದ್ದನೋ ಅವರ ಮನೆಯವರೆಲ್ಲ ಶಾಶ್ವತವಾಗಿ ಯಾನ್ಸೆನ್‌ಗಳಾಗಿ ಉಳಿದುಬಿಟ್ರು. ಅಲ್ಲಿ ಇವತ್ತೂ ಮುಲ್ಲರ್‌ಗಿಂತ ಯಾನ್ಸೆನ್ ಹೆಚ್ಚು.

2025ರ ಮೇ 1ರಂದು ಜರ್ಮನಿಯಲ್ಲಿ ಹೊಸ ಹೆಸರು ಕಾನೂನು ಜಾರಿಗೆ ಬಂತು. ಗಂಡ ಹೆಂಡತಿ ಇಬ್ಬರೂ ಜೋಡಿ ಸರ್‌ನೇಮ್ ಇಟ್ಕೊಳ್ಳಬಹುದು, ಮಕ್ಕಳಿಗೂ ಕೊಡಬಹುದು. ಮುಲ್ಲರ್‌ಗಳಿಗೆ ಇದರಿಂದ ಸ್ವಲ್ಪ ಗುರುತು ವಾಪಸ್ ಸಿಗಬಹುದೇನೋ. ಅದೇ ಕಾನೂನಿನಲ್ಲಿ ಇನ್ನೊಂದು ಅವಕಾಶ ಇದೆ: ಫ್ರಿಸಿಯನ್ ಸಮುದಾಯದವರು ಮಗುವಿಗೆ ಅಪ್ಪನ ಅಥವಾ ಅಮ್ಮನ ಹೆಸರಿನಿಂದ ಮಾಡಿದ ಕೊನೆ ಹೆಸರನ್ನ ಮತ್ತೆ ಇಡಬಹುದು. ನೆಪೋಲಿಯನ್ ಕಿತ್ಕೊಂಡಿದ್ದು 214 ವರ್ಷ ಆದ ಮೇಲೆ ವಾಪಸ್ ಸಿಕ್ತು.

ನನ್ನ ಗೆಳೆಯ ಈಗ ಅಲ್ಲೇ ಇದ್ದಾನೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದ್ದಿದ್ದಕ್ಕೆ ಶುರುವಿನಲ್ಲಿ ಒಂದು ಕಾರ್ಡಿನಲ್ಲಿ ಅವನ ಹೆಸರು ಎರಡೆರಡು ಸಲ ಅಚ್ಚಾಗಿ ಬಂದಿತ್ತು, ಕನ್ನಡದ ಜೋಡುನುಡಿ ಥರ. ಜರ್ಮನಿಯಲ್ಲಿ ಅಪಾರ್ಟ್‌ಮೆಂಟ್ ಬಾಗಿಲಲ್ಲಿ ಫ್ಲ್ಯಾಟ್ ನಂಬರ್ ಇರಲ್ಲ, ಕಾಲಿಂಗ್ ಬೆಲ್ ಪಕ್ಕ ಕುಟುಂಬದ ಹೆಸರಿರುತ್ತೆ. ಅದು ಇಲ್ಲಾಂದ್ರೆ ಪೋಸ್ಟ್ ಬರಲ್ಲ. ಅವನು ತನ್ನ ಬೆಲ್‌ಗೆ ಅಪ್ಪನ ಹೆಸರನ್ನ ಪೂರ್ತಿ ಬರೆದು ಅಂಟಿಸಿದ್ದಾನೆ. ಫೋಟೋ ಕಳಿಸಿದ್ದ. ಅವನ ಮೇಲಿನ ಮನೆಯೂ ಮುಲ್ಲರ್, ಕೆಳಗಿನ ಮನೆಯೂ ಮುಲ್ಲರ್. ಪೋಸ್ಟ್ ಅದಲುಬದಲಾಗಬಾರದು ಅಂತ ಇಬ್ಬರೂ ಹೆಸರಿನ ಮುಂದೆ ಒಂದೊಂದು ಇನಿಷಿಯಲ್ ಹಾಕ್ಕೊಂಡಿದ್ದಾರೆ.

ಮುಂದಿನ ವಾರ ಸಿಗೋಣ. ನಿಮ್ಮ ಇನಿಷಿಯಲ್‌ನ ಒಂದೊಂದು ಅಕ್ಷರಕ್ಕೂ ಏನು ಅರ್ಥ, ಯಾವ ಊರು, ಯಾರ ಹೆಸರು ಅಂತ ವಾಯ್ಸ್ ನೋಟ್ ಕಳಿಸಿ, ಕೇಳೋಕೆ ನನಗೆ ಆಸೆ.